ಕೆನಡಾದಿಂದ ಬರುವವರು

ತನ್ನ ಹೆಂಡತಿಗೆ ಏನೋ ಮೆಟ್ಟಿಕೊಂಡಿದೆ ಎಂದು ಸೀನನಿಗೆ ಖಾತ್ರಿಯಾದದ್ದು ಡಿಸೆಂಬರಿನ ಒಂದು ಸೋಮವಾರ, ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಬಾಂಗ್ ಮುಗಿದು ಅರ್ಧ ಗಂಟೆಯ ಮೇಲೆ. (ಗಂಡಂದಿರಿಗೆ ಈ ಸಂಶಯ ಮದುವೆಯಾದ ವರ್ಷವೇ ಬರುವುದುಂಟು. ಸೀನನದು ನಿಧಾನದ ಸ್ವಭಾವ. ಇಪ್ಪತ್ತು ವರ್ಷ ಹಿಡಿಯಿತು.)

ಸೀನ ಗಲ್ಫಿನ ಅಲ್ ಅಹ್ಸಾದ ಒಂದು ಖರ್ಜೂರದ ಕಾರ್ಖಾನೆಯಲ್ಲಿ ಶೀತಲ ಕೋಣೆಗಳ ಮೆಕ್ಯಾನಿಕ್. ಮಗಳು ವಿಸ್ಮಯಾ ಕಾಲೇಜಿಗೆಂದು ಮಂಗಳೂರಿಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ಅವನು ಮತ್ತು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವ ಹೆಂಡತಿ ಸ್ವರ್ಣಲತಾ. ಮನೆಯ ಹಿಂದೆಯೇ ಖರ್ಜೂರದ ತೋಟ. ಕತ್ತಲಾದರೆ ಅದರ ಒಣ ಗರಿಗಳು ಯಾರೋ ಚಾಪೆ ಎಳೆದುಕೊಂಡು ಹೋದ ಹಾಗೆ ಸದ್ದು ಮಾಡುತ್ತಿದ್ದವು.

ಆ ಸೋಮವಾರ ಅವನು ಕೆಲಸದಿಂದ ಬಂದಾಗ ಮೇಜಿನ ಮೇಲೆ ಚಹಾ ಇತ್ತು, ಹೆಂಡತಿ ಇರಲಿಲ್ಲ. ಮಗಳ ಕೋಣೆಯ ಬಾಗಿಲು ಹಾಕಿತ್ತು. ಬಾಗಿಲಡಿಯ ಸಂದಿಯಲ್ಲಿ ಒಂದು ಸತ್ತ ನೀಲಿ ಬೆಳಕು. ಗಡಿಯಾರ ಸರಿಯಾಗಿ ಐದೂವರೆ ತೋರಿಸುತ್ತಿದ್ದಂತೆ ಒಳಗಿಂದ ಸ್ವರ್ಣಲತಾಳ ಪಿಸುದನಿ ಕೇಳಿತು.

“ಬಂದಿರಾ? ಹಾಂ... ಮುದುಕ ಬಂದ. ನೂರು ವರ್ಷ ದಾಟಿದರೂ ತಪ್ಪಿಸುವವನಲ್ಲ.”

ಸೀನ ಎತ್ತಿದ ಲೋಟ ಬಾಯಿಗೆ ತಲುಪಲಿಲ್ಲ.

“ಮಣ್ಣಿನ ಅಡಿಯವನೂ ಬಂದ. ಕತ್ತಲೆಯವನು ಮಾತ್ರ ಇನ್ನೂ ಇಲ್ಲ.” ನಡುವೆ ಒಂದು ಸಣ್ಣ ನಗು. “ಬೀಳು, ಎಷ್ಟು ಬೇಕಾದರೂ ಬೀಳು. ನಾನು ನಿನ್ನನ್ನು ಬಿಡುವವಳಲ್ಲ. ಸಾಯುವವರೆಗೆ ಇಟ್ಟುಕೊಳ್ತೇನೆ.”

ಇಪ್ಪತ್ತು ವರ್ಷಗಳಲ್ಲಿ ಅವಳು ತನ್ನೊಡನೆ ಅಷ್ಟು ಅಕ್ಕರೆಯಿಂದ ಮಾತಾಡಿದ್ದು ಸೀನನಿಗೆ ನೆನಪಾಗಲಿಲ್ಲ. ಅಂಥ ಹೆದರಿಕೆಯ ನಡುವೆಯೂ ಅವನಿಗೆ ತುಸು ಹೊಟ್ಟೆಕಿಚ್ಚಾಯಿತು. ಅರ್ಧ ಗಂಟೆಯ ಮೇಲೆ ಅವಳು ಹೊರಗೆ ಬಂದು, ಏನೂ ಆಗದವಳಂತೆ, “ಎಂತ, ಚಹಾ ತಣ್ಣಗಾಯ್ತಾ?” ಎಂದು ಕೇಳಿದಳು.

ಅಂದಿನಿಂದ ಸೀನ ಮನೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದ. ಅವನು ತಾರದ ಗ್ರೈಂಡರ್ ಅಡುಗೆಮನೆಯಲ್ಲಿ ಕೂತಿತ್ತು. ಅವನು ಕಳಿಸದ ಹಣ ಮಗಳ ಹಾಸ್ಟೆಲಿಗೆ ಮುಟ್ಟಿತ್ತು. “ಇದೆಲ್ಲ ಎಲ್ಲಿಂದ?” ಎಂದರೆ ಅವಳು, “ಬಂತು” ಎನ್ನುತ್ತಿದ್ದಳು. ಅಷ್ಟೇ. ಯಾರು ತಂದರು, ಯಾಕೆ ತಂದರು, ಅದಕ್ಕೆ ಬದಲಾಗಿ ಏನು ಕೇಳುತ್ತಾರೆ ಎಂದು ಸೀನ ಹಾಸಿಗೆಯಲ್ಲಿ ಹೊರಳಾಡುತ್ತ ಲೆಕ್ಕ ಹಾಕುತ್ತಿದ್ದ.

ಕೊನೆಗೆ ಅವನು ಕಾರ್ಖಾನೆಯ ಸ್ಟೋರ್‌ಕೀಪರ್ ಪೊಡಿಯಬ್ಬನ ಹತ್ತಿರ ಬಾಯಿಬಿಟ್ಟ.

“ಪೊಡಿಯಬ್ಬಾಕ, ನಮ್ಮ ಮನೆಗೆ ಯಾರೋ ಬರ್ತಾರೆ.”

“ಯಾರು?”

“ಒಬ್ಬ ಮುದುಕ. ಒಬ್ಬ ಮಣ್ಣಿನ ಅಡಿಯವ. ಮತ್ತೊಬ್ಬ ಕತ್ತಲೆಯವ.”

ಪೊಡಿಯಬ್ಬ ಖರ್ಜೂರದ ಪೆಟ್ಟಿಗೆಯ ಮೇಲೆ ಮೆಲ್ಲಗೆ ಕೂತ. “ಬಂದು ಎಂತ ಮಾಡ್ತಾರೆ?”

“ಕೊಡ್ತಾರೆ. ಗ್ರೈಂಡರ್ ಬಂದಿದೆ.”

“ಮತ್ತೆ ನಿಮಗೆ ಎಂತ ಕಷ್ಟ ಮಾರಾಯ್ರೆ? ನಮ್ಮ ಮನೆಗೆ ಬರುವವರೆಲ್ಲ ತಗೊಂಡೇ ಹೋಗುದು.” ಆದರೆ ಸೀನನ ಮುಖ ನೋಡಿ ಅವನು ದನಿ ತಗ್ಗಿಸಿದ. “ಎದುರು ನಿಂತು ಕೇಳಿ ಸೀನಣ್ಣ. ನೀನು ಯಾರು, ನಿನಗೆ ಎಂತ ಬೇಕು ಅಂತ. ಓಡಬೇಡಿ. ಓಡಿದ್ರೆ ಹಿಂದೆ ಬರ್ತದೆ.”

ಮರುದಿನ ಐದೂವರೆಗೆ ಸೀನ ಎಡಗೈಯಲ್ಲಿ ಲಿಂಬೆಹಣ್ಣು, ಬಲಗೈಯಲ್ಲಿ ಪೊರಕೆ ಹಿಡಿದು, ವೀರಾವೇಶದಿಂದ ಬಾಗಿಲು ತಳ್ಳಿದ. ಕೋಣೆಯ ತುಂಬ ಕತ್ತಲು. ಆ ಕತ್ತಲಲ್ಲಿ ಸ್ವರ್ಣಲತಾಳ ಮುಖ ಒಂದೇ ತೇಲುತ್ತಿತ್ತು. ಗಲ್ಲದ ಕೆಳಗಿಂದ ನೀಲಿ ಬೆಳಕು, ಬಿಚ್ಚಿದ ಕೂದಲು, ಅಲುಗುವ ತುಟಿಗಳು. ವೀರಾವೇಶ ಹೊಸ್ತಿಲಲ್ಲೇ ಉಳಿಯಿತು, ಸೀನ ಮಾತ್ರ ಒಳಗೆ ಬಂದ.

“ನೀನು ಯಾರು?” ದನಿ ಕುರಿಮರಿಯದಾಯಿತು. “ನಿನಗೆ... ಎಂತ ಬೇಕು?”

ಮುಖ ನಿಧಾನವಾಗಿ ಅವನತ್ತ ತಿರುಗಿತು.

“ಡಿವಿಡೆಂಡ್,” ಎಂದಿತು. “ಬಾಗಿಲು ಹಾಕಿ ಮಾರಾಯ್ರೆ, ಚಳಿ ಬರ್ತದೆ.”

ಮಡಿಲಲ್ಲಿದ್ದದ್ದು ಮಗಳ ಹಳೆಯ ಟ್ಯಾಬ್. ಮೊದಲು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿದ್ದು ಈಗ ಟೊರೊಂಟೊ ಸೇರಿರುವ ಶಬ್ನಮ್ ಟೀಚರ್ ಹೇಳಿಕೊಟ್ಟ ವಿದ್ಯೆಯಂತೆ. ಆರು ವರ್ಷದಿಂದ ಸ್ವರ್ಣಲತಾ ಟ್ಯೂಷನ್ ಹಣದಲ್ಲಿ ಕೆನಡಾದ ಕಂಪನಿಗಳ ಶೇರು ಕೊಳ್ಳುತ್ತಿದ್ದಾಳೆ. ಮುದುಕ ಎಂದರೆ ಒಂದು ಹಳೆಯ ಬ್ಯಾಂಕು. ಮಣ್ಣಿನ ಅಡಿಯವ ಗ್ಯಾಸಿನ ಪೈಪಿನ ಕಂಪನಿ, ಕತ್ತಲೆಯವ ವಿದ್ಯುತ್ತಿನ ಕಂಪನಿ. ಅಲ್ಲಿ ಬೆಳಿಗ್ಗೆ ಪೇಟೆ ತೆರೆಯುವಾಗ ಇಲ್ಲಿ ಸಂಜೆ ಐದೂವರೆ. ಬೆಲೆ ಏರಿದರೂ ಬಿದ್ದರೂ ಅವಳು ಮಾರುವುದಿಲ್ಲ. ಮೂರು ತಿಂಗಳಿಗೊಮ್ಮೆ ಅವರು ಲಾಭದ ಪಾಲು ಕೊಡುತ್ತಾರೆ, ಕೆನಡಾದ ಸರ್ಕಾರ ತನ್ನ ತೆರಿಗೆ ಮುರಿದುಕೊಳ್ಳುತ್ತದೆ, ಉಳಿದದ್ದು ‘ಬರುತ್ತದೆ’.

“ನನಗೆ ಯಾಕೆ ಹೇಳಲಿಲ್ಲ?”

“ಒಂಟೆಹಾಲಿನ ಸಾಬೂನು,” ಎಂದಳು ಸ್ವರ್ಣಲತಾ. ಬತ್ಹಾ ಪೇಟೆಯಲ್ಲಿ ಯಾರದೋ ಮಾತು ಕೇಳಿ ಸೀನ ಆ ಸಾಬೂನಿನ ವ್ಯಾಪಾರಕ್ಕೆ ಹಾಕಿದ ಹಣ ನೊರೆಯನ್ನೂ ಬಿಡದೆ ಕರಗಿತ್ತು. ಅವನು ಲಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡ.

ಹೆದರಿಕೆ ಹೋದ ಜಾಗಕ್ಕೆ ಪಾಂಡಿತ್ಯ ಬಂತು. ಒಂದೇ ವಾರದಲ್ಲಿ ಸೀನ ಅರ್ಥಶಾಸ್ತ್ರ ವಿಶಾರದನಾಗಿ, ಫೋನ್ ಹಿಡಿದು ಹೆಂಡತಿಯೆದುರು ನಿಂತ.

“ನಿನ್ನ ಮುದುಕ ನೂರಕ್ಕೆ ನಾಲ್ಕು ಕೊಡ್ತಾನೆ. ಇವನನ್ನು ನೋಡು, ಹದಿನಾರು!”

ಸ್ವರ್ಣಲತಾ ಪರದೆಯನ್ನು ತುಂಬ ಹೊತ್ತು ನೋಡಿದಳು. “ಇವನು ಗಳಿಸುದು ಹತ್ತು, ಕೊಡುದು ಹದಿನಾರು. ಮೇಲಿಂದ ಕುತ್ತಿಗೆಯವರೆಗೆ ಸಾಲ.” ಅವಳ ದನಿ ತಗ್ಗಿತು. “ಸಾಯುವವನ ಕೈ ಧಾರಾಳ ಮಾರಾಯ್ರೆ. ಹತ್ತಿರ ಹೋಗಬೇಡಿ.”

ಆ ಸಂಜೆ ಗಾಳಿಯೇ ಇರಲಿಲ್ಲ. ಆದರೂ ಹಿಂದಿನ ತೋಟದಲ್ಲಿ ಯಾರೋ ಚಾಪೆ ಎಳೆದರು.

ಸೀನ ಹತ್ತಿರ ಹೋದ. ತನ್ನದೇ ಖಾತೆ ತೆರೆದು, ಮಗಳ ಫೀಸಿಗೆಂದು ತೆಗೆದಿಟ್ಟಿದ್ದ ಐದು ಸಾವಿರ ರಿಯಾಲನ್ನು ಗುಟ್ಟಾಗಿ ಹದಿನಾರರವನ ಮೇಲೆ ಸುರಿದ. ಜನವರಿಯಲ್ಲಿ ಅವನು ತಪ್ಪದೆ ಕೊಟ್ಟ. ಸೀನ ಎರಡು ಕಿಲೋ ಕುರಿಮಾಂಸ ತಂದು, ಕಾರಣ ಹೇಳದೆ, ಮೀಸೆಯಡಿಯಲ್ಲಿ ನಗುತ್ತ ಉಂಡ.

ಫೆಬ್ರವರಿ ಇಪ್ಪತ್ತಾರರ ಸಂಜೆ ಹೊರಗೆ ಧೂಳು ಎದ್ದು ಬೀದಿದೀಪಗಳೆಲ್ಲ ಹಳದಿ ಹುಣ್ಣಿನಂತಾಗಿದ್ದವು. ಸೀನ ಹಜಾರದ ಕತ್ತಲಲ್ಲಿ ಕೂತು ಫೋನ್ ತೆರೆದ. ಬೆಲೆ ಅರ್ಧಕ್ಕೆ ಇಳಿದಿತ್ತು. ಅವನು ನೋಡುತ್ತಿದ್ದಂತೆಯೇ ಇನ್ನೂ ಇಳಿಯಿತು. ಕೆಳಗೆ ಎರಡು ಸಾಲಿನ ಪ್ರಕಟಣೆ: ಮುಂದಿನ ಸೂಚನೆಯವರೆಗೆ ಡಿವಿಡೆಂಡ್ ಇಲ್ಲ. ಅವನ ಕೈಕಾಲು ತನ್ನ ಶೀತಲ ಕೋಣೆಗಳಷ್ಟೇ ತಣ್ಣಗಾದವು.

“ಸತ್ತನಾ?” ಎಂದಿತು ಕಿವಿಯ ಹಿಂದೆ ಒಂದು ದನಿ.

ಸೀನ ಕುರ್ಚಿಯಿಂದ ಒಂದು ಗೇಣು ಹಾರಿದ. ಸ್ವರ್ಣಲತಾ ನಿಂತಿದ್ದಳು.

“ನಿನಗೆ... ನಿನಗೆ ಹೇಗೆ ಗೊತ್ತು?”

“ಎರಡು ಕಿಲೋ ಮಾಂಸ ತಂದಿರಲ್ಲ, ಆವತ್ತೇ ಗೊತ್ತಾಯ್ತು.”

ಅವನು ಎಲ್ಲವನ್ನೂ ಹೇಳಿಬಿಟ್ಟ. ಮಗಳ ಫೀಸಿನ ಮಾತು ಬಂದಾಗ ಕಣ್ಣೀರೂ ಬಂತು. ಸ್ವರ್ಣಲತಾ ಬೈಯಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಿತ್ತು.

“ಫೀಸು ನಿನ್ನೆಯೇ ಮುದುಕ ಕಟ್ಟಿ ಆಗಿದೆ. ಅಳಬೇಡಿ,” ಎಂದಷ್ಟೇ ಹೇಳಿ, ಒಳಗೆ ಹೋಗಿ ಒಂದು ದಪ್ಪ ಪುಸ್ತಕ ತಂದಳು. ಸೀನ ಅದನ್ನು ಈವರೆಗೆ ಕಂಡದ್ದೇ ಇಲ್ಲ. ‘ಕಳೆಯತಕ್ಕವು’ ಎಂಬ ಪುಟ ತೆರೆದು ಹದಿನಾರರವನ ಹೆಸರು ಬರೆದು ಅಡ್ಡಗೆರೆ ಎಳೆದಳು. ಪುಟ ಮಗುಚುವಾಗ ಸೀನನ ಕಣ್ಣು ಎದುರಿನ ‘ಇಟ್ಟುಕೊಳ್ಳತಕ್ಕವು’ ಪುಟದ ಮೇಲೆ ಬಿತ್ತು. ಮುದುಕ, ಮಣ್ಣಿನ ಅಡಿಯವ, ಕತ್ತಲೆಯವ, ಎಲ್ಲರೂ ಶಾಯಿಯಲ್ಲಿದ್ದರು. ಕಟ್ಟಕಡೆಗೆ ಪೆನ್ಸಿಲಿನಲ್ಲಿ ಇನ್ನೊಂದು ಹೆಸರಿತ್ತು.

ಸೀನ. ಕೊಂಡ ದಿನ: ಮೇ ಹನ್ನೆರಡು. ಬೆಲೆ: ಇಪ್ಪತ್ತೆರಡು ಪವನು ಚಿನ್ನ. ಈವರೆಗೆ ಕೊಟ್ಟದ್ದು: ಒಂದು ಉದ್ದ ಗೆರೆ. ಪುನಃ ನೋಡತಕ್ಕದ್ದು: ಮಾರ್ಚ್ ಮೂವತ್ತೊಂದು.

“ಸ್ವರ್ಣಾ,” ಎಂದ ಅವನು. “ನನ್ನದು ಮಾತ್ರ ಪೆನ್ಸಿಲಿನಲ್ಲಿ ಯಾಕೆ?”

“ಅಳಿಸಲಿಕ್ಕೆ ಸುಲಭ,” ಎಂದು ಅವಳು ಪುಸ್ತಕ ಮುಚ್ಚಿದಳು. ನಗಲಿಲ್ಲ. “ಊಟಕ್ಕೆ ಬನ್ನಿ.”

ಆ ರಾತ್ರಿ ಸೀನ, ಯಾರೂ ಹೇಳದೆಯೇ, ಮನೆಯ ಪಾತ್ರೆಗಳನ್ನೆಲ್ಲ ತೊಳೆದ. ಊಟಕ್ಕೆ ಬಳಸದ ಪಾತ್ರೆಗಳನ್ನೂ ಕಪಾಟಿನಿಂದ ಇಳಿಸಿ ತೊಳೆದ.