ಊರು ಹಿಡಿಸಿದ ಉಪವಾಸ

ಚೆಲುವಯ್ಯನಿಗೆ ಹಸಿವಿರಲಿಲ್ಲ.

ಬೇರೆ ಕಾಯಿಲೆಯೇನೂ ಇರಲಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುವ ಅರ್ಧ ಹುಡುಗರ ಪಾಡೂ ಅದೇ. ಪರೀಕ್ಷೆ ಹತ್ತಿರ ಬಂದಷ್ಟೂ ಅನ್ನ ದೂರ ಹೋಗುತ್ತಿತ್ತು. ಇವನನ್ನು ಮಾತಾಡಿಸುವವರೂ ಇರಲಿಲ್ಲ. ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಊರಿಗೆ ಹೋದರೆ ಸರಿಹೋದೀತೆಂದು ಹನಗೋಡಿಗೆ ಬಂದ.

ಬೆಳಿಗ್ಗೆ ತಾಯಿ ಚಿಕ್ಕಬೀರಮ್ಮ ಮುದ್ದೆ ಇಟ್ಟಳು. ಚೆಲುವಯ್ಯ ಅದನ್ನು ಪ್ರಶ್ನೆಪತ್ರಿಕೆ ನೋಡಿದಂತೆ ನೋಡಿ ತಟ್ಟೆ ಸರಿಸಿದ.

"ಯಾಕ್ಲಾ ಮಗ?"

"ಬ್ಯಾಡ ಕಣವ್ವ."

ಒಲೆಗೆ ಕೆಂಡ ಕೇಳಲು ಬಂದಿದ್ದ ಪಕ್ಕದ ಮನೆಯ ಬೀರಮ್ಮ ಇದನ್ನು ಕಂಡಳು. ಕೆಂಡ ಮರೆತು ಸುದ್ದಿಯನ್ನಷ್ಟೇ ಹೊತ್ತುಕೊಂಡು ಹೋದಳು.

ಹೊಗೆಸೊಪ್ಪು ಕೊಳ್ಳಲು ಹುಣಸೂರಿನಿಂದ ಬಂದಿದ್ದ ಶಂಶುದ್ದೀನ್ ಸಾಬರು ಅವಳ ಜಗಲಿಯ ಮೇಲೆ ಕೂತಿದ್ದರು. ಪತ್ರಿಕೆ ಓದುವ ಮನುಷ್ಯ.

"ಕಾಲೇಜು ಹುಡುಗ ಸುಮ್ಸುಮ್ನೆ ಊಟ ಬಿಡ್ತಾನೇನಮ್ಮ? ಕಾಂಗ್ರೆಸ್ನೋರು ಜೈಲಲ್ಲಿ ಬಿಡ್ತಾರಲ್ಲ, ಅಂಗೆ. ಯಾವುದೋ ಅನ್ಯಾಯದ ಮ್ಯಾಲೆ ಕೂತವ್ನೆ!"

ಅನ್ಯಾಯ ಹುಡುಕಲು ಊರು ದೂರ ಹೋಗಬೇಕಿರಲಿಲ್ಲ. ದನಗಳನ್ನು ಹೊಳೆಗೆ ಹೊಡೆಯುವ ದಾರಿಗೆ ಪಟೇಲ ಕರಿಯಪ್ಪನವರು ಬೇಲಿ ಹಾಕಿಸಿದ್ದರು. ಸ್ವಲ್ಪ ಹೊತ್ತಿನಲ್ಲೇ ಬೀದಿಯೆಲ್ಲ ಚೆಲುವಯ್ಯನ ಬಾಗಿಲಿಗೆ ಬಂತು.

"ನಂಗೆ ಹಸಿವಿಲ್ಲ, ಅಷ್ಟೇ ಕಣ್ರಪ್ಪ!"

"ಕೇಳುದ್ರಾ? ಹಸಿವೇ ಇಲ್ವಂತೆ! ಗಂಡು ಅಂದ್ರೆ ಇವ್ನು ಕಣ್ರೋ," ಎಂದಳು ಬೀರಮ್ಮ.

ಹೊಂಗೆ ಮರದಡಿ ಚಾಪೆ ಹಾಸಿ ಕೂರಿಸಿದರು. ಕಣಗಿಲೆ ಹಾರ ಹಾಕಿದರು. ಮುದುಕರು ಅವನ ಅಪ್ಪನ ಹಳೆಯ ಪುಂಡಾಟಗಳನ್ನು ಹೇಳಿದರು. ಯಾರೋ ಎದ್ದು ಪಟೇಲರಂತೆ ಹೊಟ್ಟೆ ಮುಂದೆ ಮಾಡಿಕೊಂಡು ನಡೆದು ತೋರಿಸಿದ. ಚೆಲುವಯ್ಯ ನಕ್ಕ. ಹಾಸ್ಟೆಲು ಸೇರಿದ ಮೇಲೆ ಅವನು ಹಾಗೆ ನಕ್ಕಿರಲೇ ಇಲ್ಲ. ನಕ್ಕಿದ್ದೇ ತಡ, ಹಗ್ಗ ಕಿತ್ತ ಹೋರಿ ರಾಗಿ ಹೊಲಕ್ಕೆ ನುಗ್ಗಿದಂತೆ ಹಸಿವು ನುಗ್ಗಿತು.

"ಅವ್ವಾ, ಮುದ್ದೆ ತಾ!"

ಮಗನ ಸಂಕಟ ನೋಡಲಾರದೆ ಚಿಕ್ಕಬೀರಮ್ಮ ಹುಂಜ ಕುಯ್ದು ಸಾರಿಗೆ ಇಟ್ಟಿದ್ದಳು. ಘಮಲು ಬೀದಿಗೆ ಬರುತ್ತಿತ್ತು. ಬೀರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಸಂಜೆಗಂಟ ತಡ್ಕಳ್ಲಾ. ನಮ್ಮೆಮ್ಮೆ ಊರೆಲ್ಲ ಸುತ್ತಿ ನೀರು ಕುಡಿತವೆ, ನೀನು ಒಂದೊತ್ತು ತಡಿಯಕಾಗಲ್ವಾ?"

"ನನ್ ಮಗನ ಹೊಟ್ಟೆ ಮ್ಯಾಲೆ ನಿಮ್ ದನ ಮೇಯಿಸ್ತೀರೇನ್ರೇ?" ಎಂದು ಚಿಕ್ಕಬೀರಮ್ಮ ಕೂಗಾಡಿದಳು. ಯಾರೂ ಕೇಳಲಿಲ್ಲ. ಚೆಲುವಯ್ಯ ನೀರು ಕುಡಿದು ಕೂತ. ಎಮ್ಮೆಯ ಮಾತು ಅವನಿಗೆ ತಾಗಿತ್ತು.

ಹುಡುಗ ಸತ್ತರೆ ತಾಲ್ಲೂಕಿನ ಅಮಲ್ದಾರರು ಬಂದು ಬಾಗಿಲು ಬಡಿಯುತ್ತಾರೆಂದು ಪಟೇಲರಿಗೆ ಯಾರೋ ಹೇಳಿದರು. ಹೊತ್ತು ಇಳಿಯುವಾಗ ಕೂಗು ಎದ್ದಿತು: "ಬೇಲಿ ಕೀಳಿಸ್ತಾವ್ರೆ ಬರ್ರಲಾ!"

ಊರಿಗೆ ಊರೇ ಹೊಳೆಯ ಕಡೆ ಓಡಿತು. ಮರದಡಿ ಚೆಲುವಯ್ಯನೊಬ್ಬನೇ ಉಳಿದ.

"ಬಾ ಮಗ, ಎದ್ದು ಬಾ," ಎಂದಳು ತಾಯಿ. "ಗೆದ್ದಾಯ್ತಲ್ಲ."

ಅವನಿಗೂ ಹಾಗೇ ಅನ್ನಿಸಿತು. ನಾಲ್ಕನೆಯ ಮುದ್ದೆ ಮುರಿಯುವಾಗ ಬಾಗಿಲಲ್ಲಿ ನೆರಳು ಬಿತ್ತು. ಒಂದು ಕೈಯಲ್ಲಿ ಹಾಲಿನ ಚೊಂಬು, ಇನ್ನೊಂದರಲ್ಲಿ ಬಾಳೆಹಣ್ಣು ಹಿಡಿದು ಪಟೇಲರು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು.

"ಮಗ, ನಾನೇ ಕೈಯಾರೆ ಉಪಾಸ ಬುಡಿಸಾವಾ ಅಂತ..."

ಪಟೇಲರು ತಟ್ಟೆಯ ಪಕ್ಕದ ಮೂಳೆಗಳ ಗುಡ್ಡೆ ನೋಡಿದರು.

"ಕೂತ್ಕಳಿ ಪಟೇಲ್ರೇ, ಉಣ್ಣೀರಂತೆ," ಎಂದಳು ಚಿಕ್ಕಬೀರಮ್ಮ, ಅಭ್ಯಾಸಬಲದಿಂದ.

ಪಟೇಲರು ಬಾಳೆಹಣ್ಣು ಸುಲಿದು ತಾವೇ ತಿಂದರು. ಹಾಲನ್ನೂ ತಾವೇ ಕುಡಿದರು. ಮೀಸೆ ಒರೆಸಿಕೊಂಡು ಹೊಳೆಯ ಕಡೆ ನಡೆದರು.

ಕಿತ್ತಿದ್ದ ಗೂಟಗಳನ್ನು ಪಟೇಲರ ಆಳುಗಳು ಕತ್ತಲಾಗುವುದರೊಳಗೆ ಮತ್ತೆ ನೆಟ್ಟರು. ಹಿಂದಿರುಗುತ್ತ ಜನ ಚೆಲುವಯ್ಯನ ಮನೆ ಮುಂದೆಯೇ ಹಾದುಹೋದರು. ಯಾರೂ ತಿರುಗಿ ನೋಡಲಿಲ್ಲ. ಬೀರಮ್ಮ ಮಾತ್ರ ಚಾಪೆ ತನ್ನದೆಂದು ಸುತ್ತಿಕೊಂಡು ಹೋದಳು. ತಾಯಿ ಐದನೆಯ ಮುದ್ದೆ ಇಟ್ಟಳು. ಅದು ಗಂಟಲಲ್ಲಿ ಇಳಿಯಲಿಲ್ಲ.

ಹೋದದ್ದು ಒಂದು ಹುಂಜ, ಒಂದು ದಾರಿ.