ದೊಡ್ಡಪ್ಪನಿಗೆ ಬಾಕಿಯಿದ್ದ ಪ್ರಶಸ್ತಿ

ನಮ್ಮ ದೊಡ್ಡಪ್ಪನಿಂದ ಪ್ರಶಸ್ತಿ ಪಡೆಯದವರು ಮೈಸೂರಿನಲ್ಲಿ ಯಾರಾದರೂ ಉಳಿದಿದ್ದರೆ, ಪಾಪ, ಅವರು ಮನೆಯಿಂದ ಹೊರಗೇ ಬಂದಿಲ್ಲ ಎಂದು ಅರ್ಥ!

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಶಾಸನಗಳ ಪುಸ್ತಕ ಓದಲು ಕೂತರು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ. ಪ್ರಶಸ್ತಿ ಎಂದರೆ ಮೂಲದಲ್ಲಿ ಬರೀ ಹೊಗಳಿಕೆಯಂತೆ. ರಾಜನನ್ನು ಕೊಂಡಾಡಿ ಕಲ್ಲಿನಲ್ಲಿ ಕೊರೆಸುತ್ತಿದ್ದ ಮಾತುಗಳೇ ಪ್ರಶಸ್ತಿ. ಈ ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಮೇಲೆ ಸೇರಿಕೊಂಡ ಬಾಲಂಗೋಚಿಗಳಂತೆ! ಇಷ್ಟು ಗೊತ್ತಾದ ಮೇಲೆ ಸುಮ್ಮನಿರುವ ಜೀವವೇ ಅದು? ಕಂಡವರ ಸನ್ಮಾನ ಸಮಾರಂಭಗಳಲ್ಲಿ ಎದ್ದು ನಿಂತು, “ಶಾಲು ಹೊದಿಸಿದ್ದಾಯ್ತು, ಪ್ರಶಸ್ತಿ ಯಾವಾಗ ಕೊಡ್ತೀರಿ?” ಎಂದು ಕೇಳತೊಡಗಿದರು. ಆಹ್ವಾನಗಳು ಬರುವುದು ನಿಂತಿತು. ಆಗ ದೊಡ್ಡಪ್ಪ ತಾವೇ ಪ್ರದಾನಕ್ಕೆ ಇಳಿದರು.

ದೇವರಾಜ ಮೊಹಲ್ಲಾದ ಬಾಳೆಹಣ್ಣಿನ ಅಂಗಡಿ ಮುಂದೆ, “ಸ್ವಸ್ತಿ ಶ್ರೀ! ರಸಬಾಳೆ ಕುಲತಿಲಕ, ಕೊಳೆತ ಹಣ್ಣಿಗೆ ಕಾಲಭೈರವ, ತಕ್ಕಡಿ ಹಿಡಿದ ಧರ್ಮರಾಯ…” ಎಂದು ಏರುದನಿಯಲ್ಲಿ ಶುರುಹಚ್ಚಿಕೊಂಡರು. ಅಂಗಡಿಯಾತ ಕಂಗಾಲಾಗಿ, “ಸಾಮಿ, ಹಣ್ಣು ಬ್ಯಾಡಾಂದ್ರೆ ಬುಟ್ಬುಡಿ, ಯಾಕಿಂಗ್ ಬೈತೀರಿ?” ಎಂದ. ನಜರ್‌ಬಾದಿನಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಾಗ ಟ್ರಾಫಿಕ್ ಪೊಲೀಸಪ್ಪನಿಗೂ ಒಂದು ಸಂದಿತು. ಆತ ಭಕ್ತಿಯಿಂದ ಪೂರ್ತಿ ಕೇಳಿ, ದಂಡದ ರಸೀದಿಯನ್ನು ಕೈಗಿತ್ತು, ಇದನ್ನೇ ನಮ್ಮ ಸಾಹೇಬರ ಮುಂದೆ ಒಂದ್ಸಲ ಬಂದು ಹೇಳಬಹುದೇ ಎಂದು ವಿಚಾರಿಸಿದನಂತೆ.

ಊರಿಗೆಲ್ಲ ಹಂಚಿದ ಮನುಷ್ಯನಿಗೆ ಮಾತ್ರ ಯಾರೂ ತಿರುಗಿ ಒಂದು ಒಳ್ಳೆಯ ಮಾತು ಕೊಟ್ಟಿರಲಿಲ್ಲ. ಅದೇ ಅವರ ಕೊರಗು. ದೊಡ್ಡಮ್ಮನನ್ನು ಕೇಳಿದರೆ, ಗಂಡನನ್ನು ಎದುರಿಗೆ ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ಕಾಫಿ ಲೋಟ ಕುಕ್ಕಿ ಒಳಗೆ ನಡೆದುಬಿಡುತ್ತಿದ್ದರು. “ಯಾರಾದ್ರೂ ಒಂದೇ ಒಂದು ಸಾಲು ಹೇಳಿದ್ರೆ ಸಾಕು ಕಣೋ” ಎಂದು ದೊಡ್ಡಪ್ಪ ಒಮ್ಮೆ ನನ್ನ ಹತ್ತಿರ ಅಂದರು. ನನಗೆ ನಗು ಬಂತು. ಅವರು ನಗಲಿಲ್ಲ.

ಕೊನೆಗೊಮ್ಮೆ ಜಯಲಕ್ಷ್ಮಿಪುರಂನ ವಾಕಿಂಗ್ ಗೆಳೆಯರೆಲ್ಲ ಸೇರಿ ಅವರಿಗೊಂದು ಸನ್ಮಾನ ಇಟ್ಟುಕೊಂಡರು. ಬೆಳಿಗ್ಗೆಯಿಂದ ದೊಡ್ಡಪ್ಪನಿಗೆ ತಿಂಡಿಯೂ ಸೇರಿರಲಿಲ್ಲ! ಪೇಟ ತೊಡಿಸಿದರು, ಶಾಲು ಹೊದಿಸಿದರು, ಫೋಟೊ ತೆಗೆದರು. ಅಷ್ಟರಲ್ಲಿ ಅಡುಗೆಯವರು ಬಂದು ಬಿಸಿಬೇಳೆಬಾತ್ ಆರುತ್ತಿದೆ ಎಂದದ್ದೇ ತಡ, ಅಭಿನಂದನಾ ಭಾಷಣವನ್ನು ಹಾರಿಸಿ ಸೀದಾ ವಂದನಾರ್ಪಣೆಗೆ ಬಂದುಬಿಟ್ಟರು! ದೊಡ್ಡಪ್ಪನ ಮುಖ ಇಷ್ಟೇ ಇಷ್ಟಾಯಿತು.

ಆಗ ಮುಂದಿನ ಸಾಲಿನಲ್ಲಿದ್ದ ದೊಡ್ಡಮ್ಮ ಎದ್ದರು. ನಾಲ್ಕು ಜನರ ಮುಂದೆ ಎಂದೂ ಬಾಯಿ ತೆರೆಯದವರು, ಸೆರಗು ಹೊದ್ದುಕೊಂಡು ನಿಂತಲ್ಲಿಂದಲೇ ಮಾತಾಡಿದರು.

“ನಮಗೆ ಮಕ್ಕಳಾಗ್ಲಿಲ್ಲ. ಯಾರು ಕೇಳಿದ್ರೂ ಇವರು, ಐಬು ನಂದು ಕಣ್ರೀ, ಅವಳದ್ದಲ್ಲ ಅಂತಿದ್ರು. ಅವರಮ್ಮನ ಹತ್ರಾನೂ ಅದನ್ನೇ ಹೇಳಿದ್ರು. ಡಾಕ್ಟ್ರು ಹೇಳಿದ್ದು ಬೇರೆ.”

ಯಾರೂ ಊಟಕ್ಕೆ ಏಳಲಿಲ್ಲ. ದೊಡ್ಡಪ್ಪ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಷ್ಟು ಜನರ ಎದುರಿಗೇ ಅತ್ತುಬಿಟ್ಟರು.