ಬೀಗರ ಗಾಡಿಗೆ ಬಿಗಿದ ಹಗ್ಗ

"ಬಾಡಿಗೆ ಲಾರಿಯೂ ಬೇಡ, ಹಮಾಲರೂ ಬೇಡ. ಹಗ್ಗ ಮಾರಿ ಮನೆ ಕಟ್ಟಿದವನಿಗೆ ಒಂದು ಗಾಡಿ ಕಟ್ಟೋಕೆ ಬರಲ್ವಾ?" ಎಂದು ಹಗ್ಗದಂಗಡಿಯ ಸಾಹುಕಾರರು ಕಾಫಿ ಲೋಟ ಕೆಳಗಿಡುತ್ತ ಘೋಷಿಸಿದರು.

ಹೆಂಡತಿ ಲೋಟ ಎತ್ತಿಕೊಂಡು, "ಮನೆ ಕಟ್ಟಿದ್ದು ಮೇಸ್ತ್ರಿ" ಅಂದು ಒಳಗೆ ಹೋದರು.

ಗಾಡಿ ಸಾಹುಕಾರರದಲ್ಲ, ಬೀಗರದು. ಮಗಳನ್ನು ಕೊಟ್ಟ ಮನೆಯ ಯಜಮಾನರು ಊರಾಚೆಯ ಗುಡ್ಡದಲ್ಲಿ ಸಸಿಗಳ ನರ್ಸರಿ ನಡೆಸುತ್ತಿದ್ದರು. ಅಲ್ಲಿಯ ಏರುತಗ್ಗಿನಲ್ಲಿ ಸಸಿ ಸಾಗಿಸಲು ಅವರ ಬಳಿ ನಾಲ್ಕು ದಪ್ಪ ಚಕ್ರದ ಒಂದು ಎಟಿವಿ ಇತ್ತು. ಬೈಕಿನ ಹ್ಯಾಂಡಲ್ಲು, ಟ್ರ್ಯಾಕ್ಟರಿನ ಗತ್ತು, ಎಮ್ಮೆಯ ಮೈಕಟ್ಟು ಮೂರನ್ನೂ ಸೇರಿಸಿದರೆ ಆಗುವ ಪ್ರಾಣಿ ಅದು. ರಿಪೇರಿಗೆಂದು ಪೇಟೆಯ ಗ್ಯಾರೇಜಿಗೆ ಬಂದಿತ್ತು. "ನಮ್ಮ ಪಿಕಪ್ಪಿನಲ್ಲೇ ತಂದು ನಿಮ್ಮ ಅಂಗಳದಲ್ಲಿ ಇಳಿಸ್ತೀನಿ ಬೀಗರೇ" ಎಂದು ಸಾಹುಕಾರರು ಫೋನಿನಲ್ಲಿ ಮಾತು ಕೊಟ್ಟಾಗಿತ್ತು.

ಅಷ್ಟು ಉಪಕಾರಬುದ್ಧಿ ಉಕ್ಕಲು ಕಾರಣವಿತ್ತು. ಕಳೆದ ಸಲ ಹೋದಾಗ ಬೀಗರ ಜಗಲಿಯ ಉಯ್ಯಾಲೆಗೆಂದು ಇವರೇ ಹೊಸ ನೈಲಾನ್ ಹಗ್ಗ ಒಯ್ದು ಕೊಟ್ಟಿದ್ದರು. "ಆನೆ ಕೂತು ಜೀಕಿದರೂ ಏನೂ ಆಗಲ್ಲ. ಚಾಕು ಮೊಂಡಾದೀತು, ಹಗ್ಗ ತುಂಡಾಗಲ್ಲ" ಎಂದು ಗಿರಾಕಿಗಳಿಗೆ ಹೇಳುವುದನ್ನೇ ಅಲ್ಲೂ ಹೇಳಿದ್ದರು. ಬೀಗರು ಹಗ್ಗವನ್ನು ಬೆರಳಲ್ಲಿ ಹೊಸಕಿ ನೋಡಿ, "ಹೌದಾ?" ಎಂದಷ್ಟೇ ಅಂದಿದ್ದರು. ಆ "ಹೌದಾ" ಅಂದಿನಿಂದ ಸಾಹುಕಾರರ ಕಿವಿಯಲ್ಲಿ ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು. ಅದೇ ಹಗ್ಗದಲ್ಲಿ ಬಿಗಿದ ಎಟಿವಿಯನ್ನು ಅವರ ಕಣ್ಣೆದುರೇ ಒಯ್ದು ನಿಲ್ಲಿಸಿದರೆ, ಆಮೇಲೆ ಯಾರು "ಹೌದಾ" ಅಂತಾರೋ ನೋಡೋಣ.

ಗ್ಯಾರೇಜಿನವನು ಪಿಕಪ್ಪಿಗೆ ಎರಡು ಹಲಗೆ ಆನಿಸಿಕೊಟ್ಟ. "ನಾನು ಹತ್ತಿಸ್ಲಾ ಸಾಹುಕಾರ್ರೇ?"

"ನೀನು ದೂರ ನಿಂತು ನೋಡಿ ಕಲಿ."

ಮೊದಲ ಸಲ ಎಟಿವಿ ಅರ್ಧ ಹಲಗೆ ಏರಿ, ಏನೋ ಯೋಚಿಸಿ, ಹಿಂದಕ್ಕೆ ಇಳಿಯಿತು. ಎರಡನೆಯ ಸಲ ಸಾಹುಕಾರರು ಹೆಬ್ಬೆರಳಿಗೆ ಬಲ ತುಂಬಿ ಹ್ಯಾಂಡಲ್ಲಿನ ಆಕ್ಸಿಲರೇಟರ್ ಒತ್ತಿದರು. ಅದು ಕಪ್ಪೆಯಂತೆ ಕುಪ್ಪಳಿಸಿ, ನೇರ ಪಿಕಪ್ಪಿನ ಕ್ಯಾಬಿನ್ನಿಗೆ ಹಣೆ ಹಚ್ಚಿತು. ಹಿಂಬದಿಯ ಗಾಜು ಝಲ್ಲೆಂದು ಸೀಟಿನ ಮೇಲೆ ಉದುರಿತು.

"ಗಾಳಿ ಚೆನ್ನಾಗಿ ಆಡುತ್ತೆ" ಅಂದರು ಸಾಹುಕಾರರು.

"ನೋಡಿ ಕಲಿತೆ ಸಾಹುಕಾರ್ರೇ" ಅಂದ ಗ್ಯಾರೇಜಿನವನು. ಜೊತೆಗೆ ಹೊರಟಿದ್ದ ಹೆಂಡತಿ ಸೀಟಿನ ಗಾಜು ಗುಡಿಸಿ ಕೂತರು.

ಎಟಿವಿಯ ಹಿಂಭಾಗ ಹೊರಚಾಚಿದ್ದರಿಂದ ಪಿಕಪ್ಪಿನ ಹಿಂಬಾಗಿಲು ಮುಚ್ಚಲಿಲ್ಲ. ಚಿಂತೆಯೇನು, ಹಗ್ಗವಿದೆಯಲ್ಲ. ನಾಲ್ಕು ಮೂಲೆಗೂ ನಾಲ್ಕು ಗಂಟು ಬಿಗಿದು ಹೊರಟರು. ಮೊದಲ ರಸ್ತೆ ಉಬ್ಬು ದಾಟುತ್ತಲೇ ಹೆಂಡತಿ ಒಡೆದ ಗಾಜಿನ ಕಿಂಡಿಯಿಂದ ಹಿಂದೆ ನೋಡಿದರು.

"ರೀ, ಗಾಡಿ ತಲೆ ಆಡಿಸ್ತಿದೆ."

ಇಳಿದು ನೋಡಿದರೆ ಹಗ್ಗ ಸಡಿಲ. ಸಾಹುಕಾರರ ಕೈ ಮೂಟೆ ಕಟ್ಟಿ ಪಳಗಿದ ಕೈ. ಮೂಟೆಗೆ ಸ್ಪ್ರಿಂಗು ಇರುವುದಿಲ್ಲ. ಎಟಿವಿಗೆ ಇರುತ್ತದೆ. ಮೊದಲು ಅದನ್ನು ಅಮುಕಿ ಕೂರಿಸಿ ಕಟ್ಟದಿದ್ದರೆ, ಕುಲುಕಿದಂತೆಲ್ಲ ಅದು ತಗ್ಗುತ್ತದೆ, ತಗ್ಗಿದಂತೆಲ್ಲ ಹಗ್ಗ ಸಡಿಲವಾಗುತ್ತದೆ. ಇದು ಗೊತ್ತಿಲ್ಲದ ಸಾಹುಕಾರರು ಹಳೆಯ ಗಂಟಿನ ಮೇಲೊಂದು ಹೊಸ ಗಂಟು ಹಾಕಿದರು. ಮುಂದಿನ ಉಬ್ಬಿಗೆ ಮತ್ತೊಂದು. ಹೊಂಡಕ್ಕೊಂದು, ತಿರುವಿಗೊಂದು. ಗುಡ್ಡದ ಬುಡ ತಲುಪುವಷ್ಟರಲ್ಲಿ ತಂದ ಹಗ್ಗದ ಸುರುಳಿಯೇ ಖಾಲಿ.

"ಈಗ ಗಾಡಿ ಕಾಣಿಸ್ತಾನೇ ಇಲ್ಲ ಕಣ್ರೀ, ಬರೀ ಹಗ್ಗ."

"ಅದೇ ಬೇಕಾಗಿದ್ದು. ಜಾಹೀರಾತು."

ಬೀಗರ ಅಂಗಳದಲ್ಲಿ ಪಿಕಪ್ ನಿಂತಾಗ ಬೀಗಿತ್ತಿ ಜಗಲಿಯಲ್ಲಿ ಸಾಹುಕಾರರ ಹಗ್ಗದ ಉಯ್ಯಾಲೆಯಲ್ಲಿ ಕೂತಿದ್ದರು. "ಬನ್ನಿ ಬೀಗಿತ್ತಿ, ಕೂತ್ಕೊಳ್ಳಿ, ಗಂಡಸರು ಇಳಿಸ್ಕೊಳ್ಳಲಿ" ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಇಬ್ಬರೂ ಹಾಯಾಗಿ ಜೀಕತೊಡಗಿದರು.

ಬೀಗರು ಪಿಕಪ್ಪಿಗೆ ಒಂದು ಸುತ್ತು ಬಂದರು. "ಒಳಗಿರೋದು ನಮ್ಮ ಗಾಡೀನೇ ತಾನೇ?"

ಸಾಹುಕಾರರು ಜೋರಾಗಿ ನಕ್ಕು ಗಂಟಿಗೆ ಕೈ ಹಾಕಿದರು. ಗಂಟು ಬಿಚ್ಚಲಿಲ್ಲ. ಉಗುರು ಹಾಕಿದರು, ಉಗುರು ಮುರಿಯಿತು. ಹಲ್ಲು ಹಾಕಿದರು, ಹಲ್ಲು ಅಲ್ಲಾಡಿತು. ಕೊನೆಗೆ ಬೀಗರು ಸಸಿಗೆ ಕಸಿ ಕಟ್ಟುವ ಪುಟ್ಟ ಚಾಕು ತೆಗೆದರು.

ಸಾಹುಕಾರರು ಗಂಟಿನಿಂದ ಕೈ ತೆಗೆದರು. ಹಗ್ಗ ತುಂಡಾಗದಿದ್ದರೆ ಗಾಡಿ ಇಳಿಯುವುದಿಲ್ಲ. ತುಂಡಾದರೆ ತಮ್ಮ ಮಾನ ಇಳಿಯುತ್ತದೆ. ಯಾವುದಕ್ಕೆಂದು ದೇವರನ್ನು ಬೇಡಿಕೊಳ್ಳುವುದೋ ತಿಳಿಯದೆ, "ಬೇಡಿ ಬೀಗರೇ, ಚಾಕು ಮೊಂಡಾಗುತ್ತೆ" ಅಂದರು.

"ಹೌದಾ?" ಎಂದು ಬೀಗರು ಚಾಕು ಆಡಿಸಿದರು.

ಎಳೆ ಚಿಗುರು ಕೊಯ್ದಷ್ಟೂ ಸದ್ದಾಗಲಿಲ್ಲ. ಎಟಿವಿ ಉಸ್ಸೆಂದು ಸ್ಪ್ರಿಂಗಿನ ಮೇಲೆ ಎದ್ದು ಕೂತಿತು. ಬೀಗರು ಗಾಡಿಯ ಕಡೆ ನೋಡಲೇ ಇಲ್ಲ. ಕೈಯಲ್ಲಿದ್ದ ಹಗ್ಗದ ತುಂಡು ನೋಡಿದರು, ಚಾಕು ನೋಡಿದರು, ಆಮೇಲೆ ನಿಧಾನವಾಗಿ ಜಗಲಿಯತ್ತ ತಿರುಗಿದರು.

"ಲೇ, ಬೀಗಿತ್ತೀನ ಕರ್ಕೊಂಡು ಮೊದಲು ಅದರಿಂದ ಇಳಿ."

ಹೆಂಗಸರಿಬ್ಬರೂ ದಡಬಡಿಸಿ ಇಳಿದರು.

"ಛೆ ಛೆ, ಅಡ್ಡ ಕೊಯ್ದರೆ ಹಾಗೇ. ಭಾರಕ್ಕೆ ಏನೂ ಆಗಲ್ಲ ಬೀಗರೇ" ಎಂದು ಸಾಹುಕಾರರು ತೊದಲಿದರು.

"ಹಾಗಾದ್ರೆ ನೀವೇ ಕೂತು ತೋರಿಸಿ ರೀ" ಅಂದರು ಹೆಂಡತಿ.

ಸಾಹುಕಾರರು ಗತ್ತಿನಿಂದ ನಡೆದು ಉಯ್ಯಾಲೆಯ ಹಲಗೆಗೆ ಒರಗಿದರು. "ನೋಡಿ, ಕೂತಿದ್ದೀನಿ. ಏನಾಯ್ತು?"

ಬೀಗರು ಬಗ್ಗಿ ನೋಡಿದರು. ಸಾಹುಕಾರರ ಎರಡೂ ಪಾದಗಳು ನೆಲಕ್ಕೆ ಅಂಟಿದ್ದವು. ಇಡೀ ಮೈಭಾರ ಹೊತ್ತಿದ್ದು ಹಗ್ಗವಲ್ಲ, ಮಂಡಿಗಳು.

"ಕಾಲು ಸ್ವಲ್ಪ ಮೇಲೆತ್ತಿ ಬೀಗರೇ."

ಸಾಹುಕಾರರು ಒಮ್ಮೆ ಮೇಲೆ ಹಗ್ಗ ನೋಡಿದರು, ಒಮ್ಮೆ ಕೆಳಗೆ ನೆಲ ನೋಡಿದರು.

"ಮೊದಲು ನಿಮ್ಮ ಗಾಡಿ ಇಳಿಸೋಣ ಬನ್ನಿ" ಅಂದರು.